ದಾಲೊ, ತವಿಯೋಕ, ಉವಿ, ಕುಮಾಲ: ಫಿಜಿಯ ಗೆಡ್ಡೆಗೆಣಸುಗಳಲ್ಲಿ ಯಾವುದನ್ನು ಯಾವಾಗ ಆರಿಸಬೇಕು?

ಶನಿವಾರ ಬೆಳಗಿನ ಹೊತ್ತು ಸುವಾ ನಗರದ ಮುನಿಸಿಪಲ್ ಮಾರುಕಟ್ಟೆಯೊಳಗೆ ಕಾಲಿಟ್ಟವರಿಗೆ ಹಣ್ಣು ತರಕಾರಿಗಳಿಗಿಂತ ಮೊದಲು ಗೊತ್ತಾಗುವುದು ಹಸಿಮಣ್ಣಿನ ವಾಸನೆ. ದಂಟಿನ ಬುಡ ಉಳಿಸಿಕೊಂಡು ಕಂತೆ ಕಟ್ಟಿದ ದಾಲೊ, ಅದರ ಪಕ್ಕದಲ್ಲಿ ಮಣ್ಣು ಮೆತ್ತಿದ ತವಿಯೋಕದ ರಾಶಿ, ಕಾಲ ಕೂಡಿಬಂದಿದ್ದರೆ ಕೊರಡಿನಂತೆ ಬಿದ್ದಿರುವ ಉವಿ, ಮೂಲೆಯಲ್ಲೆಲ್ಲೋ ಕೆಂಪು ಸಿಪ್ಪೆಯ ಕುಮಾಲ. ನಮ್ಮ ಸಂತೆಯ ಗುಡ್ಡೆ ಲೆಕ್ಕದಂತೆ ಇಲ್ಲಿಯೂ ರಾಶಿಗೆ ಇಷ್ಟು, ಕಂತೆಗೆ ಇಷ್ಟು ಎಂದೇ ಬೆಲೆ. ಹೆಸರುಗಳು ಹೊಸದಾದರೂ ವಸ್ತುಗಳು ನಮಗೆ ಹೊಸದಲ್ಲ. ದಾಲೊ ಎಂದರೆ ಕೆಸುವಿನ ಗೆಡ್ಡೆ, ತವಿಯೋಕ ಎಂದರೆ ಮರಗೆಣಸು, ಉವಿ ಎಂದರೆ ಕರಾವಳಿಯವರು ತೂಣಗೆಣಸು ಎನ್ನುವ ಬಳ್ಳಿಗೆಣಸು, ಕುಮಾಲ ಎಂದರೆ ಸಿಹಿಗೆಣಸು.

ಫಿಜಿಗೆ ಕೆಲಸದ ಮೇಲೆ ಬರುವ ಕನ್ನಡಿಗರನ್ನೂ, ಆಕ್ಲೆಂಡ್ ಅಥವಾ ಸಿಡ್ನಿಯಲ್ಲಿದ್ದು ಅಲ್ಲಿನ ಪೆಸಿಫಿಕ್ ಅಂಗಡಿಗಳಲ್ಲಿ ಫಿಜಿಯ ಗೆಡ್ಡೆಗಳನ್ನು ಕಂಡು ಯಾವುದನ್ನು ಕೊಳ್ಳುವುದೆಂದು ತಿಳಿಯದೆ ನಿಲ್ಲುವವರನ್ನೂ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಸುವಾದಲ್ಲಿ ಸಂಸಾರ ಹೂಡಿದ್ದ ನಾಲ್ಕು ವರ್ಷಗಳಲ್ಲಿ ಈ ನಾಲ್ಕನ್ನೂ ವಾರವಾರವೂ ತಂದು ಬೇಯಿಸಿದ್ದೇನೆ. ಹೊಸಬರು ಸಾಮಾನ್ಯವಾಗಿ ಕೇಳುವುದು ಯಾವುದು ರುಚಿ, ಯಾವುದು ಅಗ್ಗ ಎಂದು. ನನ್ನ ಅನುಭವದಲ್ಲಿ ಅದಕ್ಕಿಂತ ಮೊದಲು ಕೇಳಬೇಕಾದದ್ದು ಕಾಲದ ಪ್ರಶ್ನೆ: ಕಿತ್ತ ಮೇಲೆ ಎಷ್ಟು ದಿನ ಉಳಿಯುತ್ತದೆ, ಒಲೆಯ ಮೇಲೆ ಎಷ್ಟು ಹೊತ್ತು ಬೇಯಬೇಕು, ಹಿತ್ತಲಲ್ಲಿ ನೆಟ್ಟರೆ ಎಷ್ಟು ತಿಂಗಳು ಕಾಯಬೇಕು. ಈ ನಾಲ್ಕು ಗೆಡ್ಡೆಗಳು ಒಂದರಿಂದೊಂದು ನಿಜವಾಗಿ ಬೇರೆಯಾಗುವುದು ಅಲ್ಲಿಯೇ.

ಮೊದಲಿಗೆ ಒಂದು ಮಾತನ್ನು ತಿಳಿದಿರಬೇಕು. ಫಿಜಿ ಭಾಷೆಯಲ್ಲಿ ಈ ಗೆಡ್ಡೆಗಳಿಗೆಲ್ಲ ‘ಕಕನ ದಿನ’ ಎಂಬ ಒಂದೇ ಹೆಸರಿದೆ. ‘ನಿಜವಾದ ಆಹಾರ’ ಎಂದು ಅದರ ಅರ್ಥ. ಮೀನು, ಮಾಂಸ, ಸೊಪ್ಪುಗಳು ‘ಇ ಥೋಯಿ’, ಅಂದರೆ ನಂಚಿಕೊಳ್ಳುವ ಪದಾರ್ಥ. ಮುದ್ದೆಯಿಲ್ಲದ ಸಾರು ಹೇಗೆ ಊಟವೆನಿಸುವುದಿಲ್ಲವೋ ಹಾಗೆ ಗೆಡ್ಡೆಯಿಲ್ಲದ ಮೀನು ಹಳ್ಳಿಯ ಫಿಜಿಯನ್ನರಿಗೆ ಊಟವಲ್ಲ. ಹೀಗಾಗಿ ಇಲ್ಲಿ ಗೆಡ್ಡೆಯನ್ನು ಆರಿಸುವುದೆಂದರೆ ಪಲ್ಯಕ್ಕೆ ತರಕಾರಿ ಆರಿಸಿದಂತಲ್ಲ. ಈ ಹೊತ್ತು ಅನ್ನವೋ ಮುದ್ದೆಯೋ ರೊಟ್ಟಿಯೋ ಎಂದು ತೀರ್ಮಾನಿಸಿದಂತೆ. ಉಚ್ಚಾರಣೆಯ ಬಗೆಗೂ ಒಂದು ಸೂಚನೆ: ಫಿಜಿ ಭಾಷೆಯಲ್ಲಿ ದಕಾರದ ಮುಂದೆ ನಕಾರದ ಛಾಯೆ ಇರುತ್ತದೆ, ‘ದಾಲೊ’ ಎಂದು ಬರೆದದ್ದನ್ನು ಮಾರುವವರು ‘ನ್ದಾಲೊ’ ಎಂದು ನುಡಿಯುತ್ತಾರೆ.

ಇಂದೇ ಬೇಯಿಸುವಿರೋ, ಮುಂದಿನ ವಾರವೋ?

ಸುವಾಕ್ಕೆ ಬಂದ ಮೊದಲ ತಿಂಗಳಲ್ಲಿ ನಾನು ಒಂದು ದೊಡ್ಡ ರಾಶಿ ತವಿಯೋಕವನ್ನು ಶನಿವಾರ ತಂದು, ಆಲೂಗಡ್ಡೆಯನ್ನು ಇಡುವಂತೆ ಬುಟ್ಟಿಯಲ್ಲಿಟ್ಟು, ಬುಧವಾರ ಹೆಚ್ಚಲು ಕುಳಿತೆ. ಹೊರಗೆ ಸಿಪ್ಪೆ ನೆಟ್ಟಗಿತ್ತು. ಅಡ್ಡಲಾಗಿ ಕತ್ತರಿಸಿದಾಗ ಸಿಪ್ಪೆಯ ಒಳಗಿನ ಅಂಚಿನಲ್ಲಿ ಶಾಯಿಯ ಚುಕ್ಕೆಗಳಂತೆ ನೀಲಿಗಪ್ಪು ಗೆರೆಗಳು ಉಂಗುರವಾಗಿ ನಿಂತಿದ್ದವು. ಬೇಯಿಸಿದರೂ ಮೆತ್ತಗಾಗಲಿಲ್ಲ, ರುಚಿಯೂ ಕೆಟ್ಟಿತ್ತು. ಇಡೀ ರಾಶಿಯನ್ನು ಗೊಬ್ಬರದ ಗುಂಡಿಗೆ ಹಾಕಬೇಕಾಯಿತು. ಮರಗೆಣಸಿನ ಸ್ವಭಾವವೇ ಹಾಗೆ: ನೆಲದೊಳಗೆ ಇರುವಷ್ಟು ಕಾಲ ತಿಂಗಳುಗಟ್ಟಲೆ ಸುಮ್ಮನಿರುತ್ತದೆ, ಕಿತ್ತು ಗಾಯವಾದ ಕೂಡಲೇ ಒಳಗಿನಿಂದ ಕೆಡತೊಡಗಿ ಎರಡು ಮೂರು ದಿನಗಳಲ್ಲಿ ಮುಗಿಯುತ್ತದೆ. ಕೊಳ್ಳುವಾಗ ಬಾಲದ ಕಡೆಯ ತುದಿಯನ್ನು ಮುರಿದು ತೋರಿಸುವಂತೆ ಕೇಳುವುದು ತಪ್ಪಲ್ಲ. ಟಕ್ಕೆಂದು ಮುರಿದು ಹಾಲುಬಿಳುಪು ಕಂಡರೆ ಕೊಳ್ಳಿ. ಅಂದೇ ಬೇಯಿಸಲಾಗದಿದ್ದರೆ ಸಿಪ್ಪೆ ತೆಗೆದು, ತುಂಡು ಮಾಡಿ, ನೀರಿನಲ್ಲಿ ಮುಳುಗಿಸಿ ಒಂದು ದಿನ ಇಡಬಹುದು, ಇಲ್ಲವೇ ಫ್ರೀಜರಿಗೆ ಹಾಕಬಹುದು. ವಿದೇಶಕ್ಕೆ ಹೋಗುವ ಫಿಜಿಯ ತವಿಯೋಕದ ಬಹುಪಾಲು ಹೆಪ್ಪುಗಟ್ಟಿಸಿದ ಪೊಟ್ಟಣಗಳಲ್ಲಿ ಹೋಗುವುದಕ್ಕೂ ಇದೇ ಕಾರಣ.

ಗಾಳಿಯಾಡುವ ತಂಪು ಜಾಗದಲ್ಲಿಟ್ಟ ದಾಲೊ ಒಂದು ವಾರ, ಹತ್ತು ದಿನ ತಡೆಯುತ್ತದೆ. ಪೆಟ್ಟಾಗದ ಕುಮಾಲ ಕೆಲವು ವಾರ ಉಳಿಯುತ್ತದೆ. ಉವಿಯ ಮಾತೇ ಬೇರೆ. ಬಳ್ಳಿ ಒಣಗಿದ ಮೇಲೆ ಕಿತ್ತ ಗೆಣಸು ಸುಪ್ತಾವಸ್ಥೆಗೆ ಹೋಗಿ, ಮತ್ತೆ ಮೊಳಕೆಯೊಡೆಯುವವರೆಗೆ ತಿಂಗಳುಗಳ ಕಾಲ ನೆರಳಿನಲ್ಲಿ ಕೆಡದೆ ಇರುತ್ತದೆ. ವಾರಕ್ಕೊಮ್ಮೆ ಸಂತೆ ಮಾಡುವ ಮನೆಯಾದರೆ ಮೊದಲೆರಡು ದಿನಕ್ಕೆ ತವಿಯೋಕ, ವಾರದ ನಡುವಿಗೆ ದಾಲೊ, ತುರ್ತಿಗೆ ಕುಮಾಲ ಎಂದು ಲೆಕ್ಕ ಹಾಕಿಕೊಳ್ಳುವುದು ಸರಿಯಾದ ಕ್ರಮ.

ದಾಲೊ: ಬೆಲೆ ಹೆಚ್ಚು, ಆದರೂ ಮೊದಲ ಸ್ಥಾನ

ನಾಲ್ಕರಲ್ಲಿ ಒಂದನ್ನೇ ಆರಿಸಬೇಕೆಂದರೆ ನಾನು ಹಿಂಜರಿಯದೆ ದಾಲೊ ಎನ್ನುತ್ತೇನೆ. ನಮ್ಮ ಪೇಟೆಯಲ್ಲಿ ಸಿಗುವ ಶ್ಯಾಮೆಗೆಡ್ಡೆ ಮತ್ತು ಇದು ಒಂದೇ ಜಾತಿಯ ಸಸ್ಯವಾದರೂ ಬಗೆ ಬೇರೆ. ನಮ್ಮದರಲ್ಲಿ ತಾಯಿಗೆಡ್ಡೆಯ ಸುತ್ತ ಹುಟ್ಟುವ ಸಣ್ಣ ಮರಿಗೆಡ್ಡೆಗಳನ್ನು ತಿನ್ನುತ್ತೇವೆ, ಅದು ಲೋಳೆಯಾಗಿರುತ್ತದೆ. ಫಿಜಿಯಲ್ಲಿ ತಿನ್ನುವುದು ಒಂದೇ ದೊಡ್ಡ ತಾಯಿಗೆಡ್ಡೆಯನ್ನು. ಅದು ಗಟ್ಟಿ, ಒಣ, ಬೆಂದ ಮೇಲೆ ಚಾಕುವಿನಿಂದ ಹೋಳು ಮಾಡುವಂತಿರುತ್ತದೆ. ಇದಕ್ಕೆ ಹತ್ತಿರದ್ದನ್ನು ನಮ್ಮ ನಾಡಿನಲ್ಲಿ ಕಾಣಬೇಕೆಂದರೆ ಉತ್ತರ ಕನ್ನಡದ ಜೋಯಿಡಾಕ್ಕೆ ಹೋಗಬೇಕು. ಅಲ್ಲಿನ ಕುಣಬಿ ಸಮುದಾಯದವರು ಬೆಳೆಯುವ, ಜೋಯಿಡಾದ ಗೆಡ್ಡೆಗೆಣಸು ಮೇಳದಲ್ಲಿ ಸಾಲಾಗಿ ಜೋಡಿಸಿಟ್ಟಿರುವ ಮುಡ್ಲಿ ಎಂಬ ದೊಡ್ಡ ಕೆಸುವನ್ನು ತಿಂದವರಿಗೆ ದಾಲೊ ಅಪರಿಚಿತವೆನಿಸದು.

ಆರಿಸುವಾಗ ಕೈಯಲ್ಲಿ ಹಿಡಿದು ತೂಗಿ ನೋಡಬೇಕು. ಗಾತ್ರಕ್ಕೆ ತಕ್ಕ ಭಾರ ಇರಬೇಕು. ಬುಡವನ್ನು ಹೆಬ್ಬೆರಳಿನಿಂದ ಒತ್ತಿದರೆ ತಗ್ಗು ಬೀಳಬಾರದು. ಹೊರಮೈಯಲ್ಲಿ ಬೆರಳು ತೂರುವಷ್ಟು ತೂತುಗಳಿದ್ದರೆ ಅದು ದಾಲೊ ದುಂಬಿಯ ಕೆಲಸ. 1980ರ ದಶಕದಲ್ಲಿ ಸುವಾ ಇರುವ ವೀಟಿ ಲೆವು ದ್ವೀಪದಲ್ಲಿ ಕಾಣಿಸಿಕೊಂಡ ಈ ದುಂಬಿ ಗೆಡ್ಡೆಯನ್ನು ಒಳಗೊಳಗೇ ಕೊರೆಯುತ್ತದೆ. ತವೆಉನಿ ದ್ವೀಪದ ದಾಲೊವಿಗೆ ಮಾರುಕಟ್ಟೆಯಲ್ಲಿ ಹೆಸರು ಬಂದಿರುವುದಕ್ಕೆ ಅಲ್ಲಿನ ಜ್ವಾಲಾಮುಖಿ ಮಣ್ಣು ಒಂದು ಕಾರಣವಾದರೆ, ಈ ದುಂಬಿಯ ಕಾಟವಿಲ್ಲದೆ ಬೆಳೆಯುವುದು ಇನ್ನೊಂದು ಕಾರಣ.

ತುರಿಕೆಯ ವಿಷಯವನ್ನು ಹೇಳದೆ ಬಿಡುವಂತಿಲ್ಲ. ಕೆಸುವಿನ ಜಾತಿಯ ಎಲೆ, ದಂಟು, ಗೆಡ್ಡೆ ಎಲ್ಲದರಲ್ಲೂ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿರುತ್ತವೆ. ಅರೆಬೆಂದದ್ದನ್ನು ತಿಂದರೆ ಬಾಯಿ, ಗಂಟಲು ಕೆರೆಯುವುದು ಖಂಡಿತ. ದಪ್ಪ ಸಿಪ್ಪೆ ಹೆರೆದು, ದೊಡ್ಡ ಹೋಳುಗಳನ್ನು ಉಪ್ಪುನೀರಿನಲ್ಲಿ ಮುಕ್ಕಾಲು ಗಂಟೆಯಷ್ಟಾದರೂ ಕುದಿಸಬೇಕು. ಕಡ್ಡಿ ಚುಚ್ಚಿದರೆ ನಡುವಿನವರೆಗೆ ಸಲೀಸಾಗಿ ಹೋಗಬೇಕು. ಸಿಪ್ಪೆ ತೆಗೆಯುವಾಗ ಕೈಗೆ ಎಣ್ಣೆ ಸವರಿಕೊಳ್ಳುವ ನಮ್ಮ ಮನೆಗಳ ರೂಢಿ ಇಲ್ಲಿಯೂ ಉಪಯೋಗಕ್ಕೆ ಬರುತ್ತದೆ. ಹೊತ್ತಿಲ್ಲದ ದಿನ ದಾಲೊವನ್ನು ಮುಟ್ಟದಿರುವುದು ಲೇಸು.

ದಾಲೊವಿಗೆ ಇನ್ನೊಂದು ಹೆಚ್ಚಳವಿದೆ: ಅದರ ಎಲೆಯೂ ಆಹಾರವೇ. ಇಲ್ಲಿ ಅದನ್ನು ರೌರೌ ಎನ್ನುತ್ತಾರೆ. ತೆಂಗಿನ ಹಾಲಿನಲ್ಲಿ ಬೇಯಿಸಿದ ರೌರೌ ಫಿಜಿಯ ಅಡುಗೆಮನೆಯ ನಿತ್ಯದ ಪದಾರ್ಥ. ಎಲೆಯೊಳಗೆ ತೆಂಗಿನ ಹಾಲು ಮತ್ತು ಡಬ್ಬಿಯ ಮಾಂಸವನ್ನಿಟ್ಟು ಕಟ್ಟಿ ಬೇಯಿಸಿದರೆ ಅದು ಪಾಲುಸಾಮಿ. ಫಿಜಿಯ ಭಾರತೀಯ ಮೂಲದವರ ಮನೆಗಳಲ್ಲಿ ಇದೇ ಎಲೆಗೆ ಹಿಟ್ಟು ಸವರಿ, ಸುರುಳಿ ಸುತ್ತಿ, ಬೇಯಿಸಿ, ಕತ್ತರಿಸಿ ಕರಿಯುವ ‘ಸೈನಾ’ ಇದೆ. ನಮ್ಮ ಪತ್ರೊಡೆಗೆ ಅದು ಹತ್ತಿರದ ಬಂಧು. 1879ರಿಂದ 1916ರವರೆಗೆ ‘ಗಿರ್ಮಿಟ್’ ಎಂಬ ಕೂಲಿ ಕರಾರಿನ ಮೇಲೆ ಸುಮಾರು 60,000 ಭಾರತೀಯರನ್ನು ಕಬ್ಬಿನ ತೋಟಗಳಿಗೆ ಕರೆತರಲಾಯಿತು, 1903ರಿಂದ ಮದ್ರಾಸಿನ ಬಂದರಿನಿಂದಲೂ ಹಡಗುಗಳು ಬಂದವು. ಅಷ್ಟೆಲ್ಲ ಕಳೆದುಕೊಂಡು ಬಂದ ಜನಕ್ಕೆ ಹೊಸ ನೆಲದಲ್ಲಿ ಗುರುತು ಸಿಕ್ಕ ಕೆಲವೇ ಗಿಡಗಳಲ್ಲಿ ಕೆಸುವೂ ಒಂದಾಗಿತ್ತು ಎಂಬುದನ್ನು ನೆನೆದಾಗಲೆಲ್ಲ ಸೈನಾದ ಒಂದು ಹೋಳು ನನಗೆ ಬರಿಯ ತಿಂಡಿಯಾಗಿ ಕಂಡಿಲ್ಲ.

ಹಿತ್ತಲಿನಿಂದ ಎಲೆ ಕೊಯ್ಯುವವರಿಗೆ ಒಂದು ಎಚ್ಚರಿಕೆ. ದಾಲೊವಿನ ತೊಟ್ಟು ಎಲೆಯ ಅಂಚಿಗಿಂತ ಒಳಗೆ, ಎಲೆಯ ಬೆನ್ನಿಗೆ ಕೂಡಿಕೊಂಡಿರುತ್ತದೆ. ‘ದಾಲೊ ನಿ ತಾನ’ ಎಂಬ ಇನ್ನೊಂದು ಗಿಡದ ಎಲೆ ನೋಡಲು ಹಾಗೆಯೇ ಇದ್ದರೂ ತೊಟ್ಟು ಎಲೆಯ ಸೀಳು ಮುಗಿಯುವಲ್ಲಿಯೇ ಸೇರುತ್ತದೆ. ‘ವಿಯ’ ಎಂಬ ಆಳೆತ್ತರದ ಗಿಡ ಇನ್ನೂ ಹೆಚ್ಚು ತುರಿಸುವಂಥದ್ದು. ತಿಳಿದವರ ಕೈಯಲ್ಲಿ ಇವೂ ಆಹಾರವೇ, ಹೊಸಬರು ಮಾತ್ರ ಮಾರುಕಟ್ಟೆಯ ರೌರೌ ಕಟ್ಟನ್ನೇ ಕೊಳ್ಳುವುದು ಕ್ಷೇಮ.

ಆಕ್ಲೆಂಡಿನ ಅಂಗಡಿಯಲ್ಲಿ ಕೊಳ್ಳುವವರ ಕೈಗೆ ಫಿಜಿಯ ದಾಲೊ ಹೇಗೆ ಬಂತು ಎಂಬುದರ ಹಿಂದೆ ಒಂದು ದುರಂತವಿದೆ. ನ್ಯೂಜಿಲೆಂಡಿನಲ್ಲಿ ನೆಲೆಸಿದ ದ್ವೀಪವಾಸಿಗಳಿಗೆ ಒಂದು ಕಾಲಕ್ಕೆ ಕೆಸುವನ್ನು ಕಳಿಸುತ್ತಿದ್ದದ್ದು ಸಮೋವಾ. 1993ರಲ್ಲಿ ಅಲ್ಲಿ ಕೆಸುವಿನ ಎಲೆ ಅಂಗಮಾರಿ ರೋಗ ಕಾಣಿಸಿಕೊಂಡಿತು. ಹಸಿರು ಎಲೆಯ ಮೇಲೆ ನೀರು ಬಿದ್ದಂತೆ ಕಾಣುವ ಕಲೆ ದಿನಗಳಲ್ಲಿ ಹಿಗ್ಗಿ, ಎಲೆಯೇ ಕೊಳೆತು ಜೋಲುತ್ತದೆ; ಎಲೆ ಹೋದ ಮೇಲೆ ಗೆಡ್ಡೆ ಬೆಳೆಯುವುದಿಲ್ಲ. ಬಹುತೇಕ ರೈತರು ಒಂದೇ ತಳಿಯನ್ನು ನೆಟ್ಟಿದ್ದರಿಂದ ತಡೆಯುವ ಗಿಡವೇ ಇರಲಿಲ್ಲ. ಒಂದೆರಡು ವರ್ಷದೊಳಗೆ ಸಮೋವಾದ ರಫ್ತು ಹೆಚ್ಚುಕಡಿಮೆ ನಿಂತುಹೋಯಿತು. ರೋಗ ಹರಡದಿದ್ದ ಫಿಜಿ ಆ ಮಾರುಕಟ್ಟೆಗೆ ಕೆಸು ಕಳಿಸತೊಡಗಿತು, ತವೆಉನಿಯ ಗುಡ್ಡಗಳೆಲ್ಲ ದಾಲೊ ತೋಟಗಳಾದವು. ಇಂದಿಗೂ ರಫ್ತಾಗುವುದರಲ್ಲಿ ಪ್ರಧಾನವಾದ ತಳಿಯ ಹೆಸರು ‘ತೌಸಾಲ ನಿ ಸಮೋವಾ’. ವಿದೇಶದ ಅಂಗಡಿಗಳಲ್ಲಿ ಗುಲಾಬಿ ದಾಲೊ ಎಂದು ಮಾರುವುದು ಇದನ್ನೇ. ಸಮೋವಾವನ್ನು ಕೆಡವಿದ ಒಂದೇ ತಳಿಯ ಅವಲಂಬನೆ ಫಿಜಿಯ ರಫ್ತಿನಲ್ಲಿಯೂ ಮರುಕಳಿಸಿರುವುದು ನನ್ನನ್ನು ನಿಜವಾಗಿ ಕಳವಳಕ್ಕೀಡುಮಾಡುವ ಸಂಗತಿ. ಇದಕ್ಕೆ ಪ್ರತಿಯಾಗಿ ಸುವಾದ ಹೊರವಲಯದ ನರೇರೆಯಲ್ಲಿ ಪೆಸಿಫಿಕ್ ಸಮುದಾಯ ಸಂಘಟನೆಯ ಬೆಳೆ ಮತ್ತು ಮರಗಳ ಕೇಂದ್ರವಿದೆ. ಅಲ್ಲಿ ಸಾವಿರಕ್ಕೂ ಹೆಚ್ಚು ಕೆಸುವಿನ ಮಾದರಿಗಳನ್ನು ಗಾಜಿನ ನಳಿಗೆಗಳಲ್ಲಿ ಅಂಗಾಂಶ ಕೃಷಿಯ ಮೂಲಕ ಜೀವಂತವಾಗಿ ಕಾಪಾಡಲಾಗುತ್ತಿದೆ. ಹಾಗಾಗಿ ಅಂಗಡಿಯಲ್ಲಿ ಬೇರೆ ತಳಿಯ ದಾಲೊ ಕಂಡರೆ, ಬಣ್ಣ ಹೊಸದೆಂದು ಬಿಡದೆ ಒಮ್ಮೆ ಕೊಂಡು ನೋಡಿ ಎಂದು ಕೇಳಿಕೊಳ್ಳುತ್ತೇನೆ. ಕೊಳ್ಳುವವರಿದ್ದರೆ ಮಾತ್ರ ಬೆಳೆಯುವವರು ಬೇರೆ ತಳಿಯನ್ನು ಉಳಿಸಿಕೊಳ್ಳುತ್ತಾರೆ.

ತವಿಯೋಕ: ದಿನದ ಹೊಟ್ಟೆಗೆ

ಬೆಲೆಯೊಂದನ್ನೇ ನೋಡುವುದಾದರೆ ತವಿಯೋಕಕ್ಕೆ ಸಾಟಿಯಿಲ್ಲ. ಹೊಟ್ಟೆ ತುಂಬಿಸುವ ಶಕ್ತಿಯೂ ಅದಕ್ಕೇ ಹೆಚ್ಚು: 100 ಗ್ರಾಂ ಹಸಿ ಮರಗೆಣಸಿನಲ್ಲಿ ಸುಮಾರು 160 ಕಿಲೊಕ್ಯಾಲೊರಿ ಇದ್ದರೆ, ಬಳ್ಳಿಗೆಣಸು ಮತ್ತು ಕೆಸುವಿನಲ್ಲಿ 110ರಿಂದ 120, ಸಿಹಿಗೆಣಸಿನಲ್ಲಿ 86ರ ಆಸುಪಾಸು. ಮೈಮುರಿದು ದುಡಿಯುವವರಿಗೆ ಇದು ಅನುಕೂಲ. ಕುರ್ಚಿಯಲ್ಲಿ ಕುಳಿತು ಕೆಲಸ ಮಾಡುವವರಿಗೂ ಮಧುಮೇಹ ಇರುವವರಿಗೂ ಅದೇ ಲೆಕ್ಕ ತಿರುಗುಮುರುಗಾಗುತ್ತದೆ. ಪ್ರೋಟೀನು ನಾಲ್ಕರಲ್ಲಿಯೂ ಕಡಿಮೆ, ನೂರಕ್ಕೆ ಒಂದೂವರೆ ಗ್ರಾಂ ಆಚೀಚೆ. ನಾರಿನಂಶದಲ್ಲಿ ದಾಲೊ ಮತ್ತು ಉವಿ ತವಿಯೋಕಕ್ಕಿಂತ ಎರಡು ಪಟ್ಟು ಮೇಲು. ತವಿಯೋಕವನ್ನೇ ನಿತ್ಯದ ಅನ್ನವಾಗಿಸಿಕೊಂಡರೆ ಪಕ್ಕದಲ್ಲಿ ಮೀನು, ಬೇಳೆ, ಸೊಪ್ಪು ಇರಲೇಬೇಕು.

ಮರಗೆಣಸಿನಲ್ಲಿ ಸಯನೈಡನ್ನು ಬಿಡುಗಡೆ ಮಾಡುವ ಲಿನಮರಿನ್ ಎಂಬ ವಸ್ತುವಿದೆ ಎಂಬುದು ನಿಜ. ತಿನ್ನಲು ಬೆಳೆಯುವ ಸಿಹಿ ಬಗೆಗಳಲ್ಲಿ ಅದರ ಪ್ರಮಾಣ ಕಡಿಮೆ. ಹಸಿಯಾಗಿ ತಿನ್ನದೆ, ಕಂದು ಸಿಪ್ಪೆಯ ಜೊತೆಗೆ ಅದರ ಕೆಳಗಿನ ದಪ್ಪ ಪದರವನ್ನೂ ಸುಲಿದು, ಮುಚ್ಚಳ ತೆರೆದು ಚೆನ್ನಾಗಿ ಕುದಿಸಿ, ಆ ನೀರನ್ನು ಚೆಲ್ಲಿದರೆ ಭಯಪಡಬೇಕಾದದ್ದಿಲ್ಲ. ಅರ್ಧ ಗಂಟೆಯೊಳಗೆ ಹೋಳು ತಾನಾಗಿ ಸೀಳು ಬಿಟ್ಟು ಅರಳುತ್ತದೆ. ಆಗ ನಡುವಿನ ನಾರನ್ನು ಎಳೆದು ತೆಗೆಯಬೇಕು. ಹಪ್ಪಳ, ಚಿಪ್ಸ್ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಗೆಣಸು ಫಿಜಿಯಲ್ಲಿ ಬೇರೆ ಸಿಗದು. ತುರಿದ ತವಿಯೋಕಕ್ಕೆ ತೆಂಗಿನ ಹಾಲು, ಸಕ್ಕರೆ ಸೇರಿಸಿ ಎಲೆಯಲ್ಲಿ ಬೇಯಿಸುವ ‘ವಕಲೋಲೊ’ ಎಂಬ ಸಿಹಿ ನಮ್ಮ ಎಲೆಗಡುಬಿನ ರುಚಿ ಬಲ್ಲವರಿಗೆ ಮೊದಲ ತುತ್ತಿನಲ್ಲಿಯೇ ಒಗ್ಗುತ್ತದೆ.

ಉವಿ: ಕೊಡುವುದಕ್ಕೆ

ಉವಿಯನ್ನು ಬೆಲೆ, ರುಚಿ, ಪೋಷಕಾಂಶಗಳ ತಕ್ಕಡಿಯಲ್ಲಿ ಮಾತ್ರ ತೂಗಿದರೆ ಅದರ ಅರ್ಧವೂ ತಿಳಿಯುವುದಿಲ್ಲ. ಫಿಜಿಯನ್ನರ ಹಳೆಯ ಪಂಚಾಂಗವೇ ಉವಿಯ ಸುತ್ತ ಕಟ್ಟಿದ್ದು. ತಿಂಗಳುಗಳ ಹೆಸರನ್ನೇ ನೋಡಿ: ‘ವುಲ ಇ ವೆರೆವೆರೆ’ ಎಂದರೆ ಕಳೆ ತೆಗೆದು ನೆಲ ಹಸನು ಮಾಡುವ ತಿಂಗಳು, ‘ವುಲ ಇ ಥುಕಿಥುಕಿ’ ಎಂದರೆ ಮಣ್ಣು ಅಗೆಯುವ ತಿಂಗಳು, ‘ವುಲ ಇ ವವಕಂದ’ ಎಂದರೆ ಬಳ್ಳಿಗೆ ಊರೆಗೋಲು ನೆಡುವ ತಿಂಗಳು, ಫೆಬ್ರವರಿಯ ಆಸುಪಾಸಿನ ‘ವುಲ ಇ ಸೆವು’ ಎಂದರೆ ಮೊದಲ ಫಲವನ್ನು ಒಪ್ಪಿಸುವ ತಿಂಗಳು. ಹೊಸ ಉವಿಯನ್ನು ಮೊದಲು ಊರಿನ ಮುಖ್ಯಸ್ಥನಿಗೆ, ಕ್ರೈಸ್ತಧರ್ಮ ಬಂದ ಮೇಲೆ ಚರ್ಚಿಗೆ ಒಪ್ಪಿಸಿ ಆ ನಂತರವೇ ಮನೆಯವರು ತಿನ್ನುವುದು ಕ್ರಮ. ಹೊಸ ತೆನೆಯನ್ನು ಮೊದಲು ದೇವರ ಮುಂದಿಟ್ಟು ‘ಹೊಸ್ತು’ ಆಚರಿಸುವ ನಮ್ಮ ಮಲೆನಾಡು, ಕರಾವಳಿಯ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದ್ದರಿಂದ ಹಳ್ಳಿಯ ಮದುವೆಗೋ ಸಾವಿನ ಮನೆಗೋ ಹೋಗುವಾಗ ಏನನ್ನು ಒಯ್ಯಬೇಕೆಂಬ ಪ್ರಶ್ನೆಗೆ ಉತ್ತರ ಸ್ಪಷ್ಟವಾಗಿದೆ. ಕಾಲ ಕೂಡಿದ್ದರೆ ಉವಿ, ಇಲ್ಲದಿದ್ದರೆ ದಂಟುಸಮೇತದ ದಾಲೊ ಕಂತೆ. ತವಿಯೋಕವನ್ನು ಎಲ್ಲರೂ ದಿನವೂ ಪ್ರೀತಿಯಿಂದ ತಿನ್ನುತ್ತಾರೆ, ಆದರೂ ಗೌರವದ ಕಾಣಿಕೆಯಾಗಿ ಅದಕ್ಕೆ ಆ ಸ್ಥಾನವಿಲ್ಲ. ಹಳ್ಳಿಗೆ ಮೊದಲ ಸಲ ಹೋಗುವವರು ಒಪ್ಪಿಸಬೇಕಾದ ‘ಸೆವುಸೆವು’ ಬೇರೆ. ಅದಕ್ಕೆ ಬೇಕಾದದ್ದು ಯಂಗೊನ ಎಂಬ ಪಾನೀಯದ ಒಣ ಬೇರು, ಅದು ಮಾರುಕಟ್ಟೆಯ ಮೇಲಿನ ಮಹಡಿಯಲ್ಲಿ ಸಿಗುತ್ತದೆ. ಆ ಪದದೊಳಗೂ ಮೊದಲ ಫಲ ಎಂಬ ಅರ್ಥದ ‘ಸೆವು’ ಇರುವುದನ್ನು ಗಮನಿಸಿ.

ಅಡುಗೆಯ ಮಟ್ಟಿಗೆ ಉವಿ ಸುಲಭ. ತೆಳುವಾದ ಸಿಪ್ಪೆ, ಅರ್ಧ ಗಂಟೆಯ ಬೇಯುವಿಕೆ, ಬಿಳಿಯದೋ ನೇರಳೆಯದೋ ನುಣುಪಾದ ತಿರುಳು. ಹುಳಿಗೆ ಹಾಕಿದರೆ ಹೋಳು ಕದಡುವುದಿಲ್ಲ, ಪಲ್ಯಕ್ಕೂ ಬರುತ್ತದೆ. ಹಸಿಯದನ್ನು ಹೆಚ್ಚುವಾಗ ಕೆಲವರಿಗೆ ಕೈ ತುರಿಸುವುದುಂಟು. ‘ಕವಾಯ್’ ಎಂಬ ಸಣ್ಣ ಬಳ್ಳಿಗೆಣಸು ಸಿಕ್ಕರೆ ಬಿಡಬೇಡಿ. ಮುಷ್ಟಿಗಾತ್ರದ ಆ ಗೆಣಸಿಗೆ ಮೆಲುವಾದ ಸಿಹಿಯಿದೆ. ವೀಟಿ ಲೆವುವಿನ ನೈಋತ್ಯ ತೀರದ ಬೌರೆವಾದಲ್ಲಿ ಪುರಾತತ್ವಜ್ಞರು ಅಗೆದ ಮಣ್ಣಿನ ಪದರಗಳಲ್ಲಿ ಸಿಕ್ಕ ಪಿಷ್ಟದ ಕಣಗಳು ಕೆಸು ಮತ್ತು ಈ ಸಣ್ಣ ಬಳ್ಳಿಗೆಣಸಿನವು ಎಂದು ಗುರುತಿಸಲಾಗಿದೆ. ಆ ಪದರಗಳ ವಯಸ್ಸು ಸುಮಾರು 2,500ರಿಂದ 3,050 ವರ್ಷ. ದೋಣಿಯಲ್ಲಿ ಈ ದ್ವೀಪಗಳಿಗೆ ಮೊದಲು ಬಂದ ಲಪಿಟಾ ಜನರು ತಮ್ಮ ಜೊತೆಗೇ ನೆಡುವ ಗೆಡ್ಡೆಗಳನ್ನೂ ತಂದಿದ್ದರು.

ಕುಮಾಲ: ಅವಸರಕ್ಕೆ

ಕುಮಾಲದ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ, ಅದು ನಮ್ಮ ಗೆಣಸೇ. ಇಪ್ಪತ್ತು ನಿಮಿಷದಲ್ಲಿ ಬೇಯುತ್ತದೆ, ತುರಿಕೆಯಿಲ್ಲ, ವಿಷದ ಚಿಂತೆಯಿಲ್ಲ, ಮಕ್ಕಳು ತಕರಾರಿಲ್ಲದೆ ತಿನ್ನುತ್ತಾರೆ. ಕಿತ್ತಳೆ ತಿರುಳಿನದು ಸಿಕ್ಕರೆ ಅದನ್ನೇ ಆರಿಸಿ. ದೇಹ ಎ ಜೀವಸತ್ವವಾಗಿ ಬದಲಿಸಿಕೊಳ್ಳುವ ಬೀಟಾ ಕ್ಯಾರೋಟಿನ್ ಉಳಿದ ಮೂರು ಗೆಡ್ಡೆಗಳಲ್ಲಿ ಆ ಪ್ರಮಾಣದಲ್ಲಿ ಇಲ್ಲ. ದಿನನಿತ್ಯದ ಅನ್ನದ ಸ್ಥಾನಕ್ಕೆ ಮಾತ್ರ ಇದರ ಸಿಹಿ ಅಡ್ಡ ಬರುತ್ತದೆ ಎಂಬುದು ನನ್ನ ಅಭಿಪ್ರಾಯ.

ನೆಡುವುದಾದರೆ

ಫಿಜಿಯಲ್ಲಿ ಬಾಡಿಗೆ ಮನೆಗೂ ಸಾಮಾನ್ಯವಾಗಿ ಒಂದಿಷ್ಟು ಹಿತ್ತಲಿರುತ್ತದೆ. ಯಾವುದನ್ನು ನೆಡಬೇಕೆಂಬುದು ನೀವು ದ್ವೀಪದ ಯಾವ ಮಗ್ಗುಲಲ್ಲಿದ್ದೀರಿ ಎಂಬುದರ ಮೇಲೆ ನಿಂತಿದೆ. ಆಗ್ನೇಯದ ವಾಣಿಜ್ಯ ಮಾರುತಗಳನ್ನು ವೀಟಿ ಲೆವುವಿನ ನಡುವಿನ ಬೆಟ್ಟಗಳು ತಡೆಯುವುದರಿಂದ ಸುವಾದ ಕಡೆ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ. ಬೆಟ್ಟದಾಚೆಯ ನಾಂದಿ, ಲೌಟೋಕಾ, ಬಾ ಪಟ್ಟಣಗಳ ಕಡೆ ಅದಕ್ಕಿಂತ ಬಹಳ ಕಡಿಮೆ, ಕಬ್ಬು ಬೆಳೆಯುವುದು ಅಲ್ಲಿಯೇ. ಪಶ್ಚಿಮ ಘಟ್ಟದ ಎರಡು ಮಗ್ಗುಲನ್ನು ಬಲ್ಲ ನಮಗೆ ಇದು ಸುಲಭವಾಗಿ ಅರ್ಥವಾಗುವ ಭೂಗೋಳ. ಸುವಾದ ತೇವಕ್ಕೆ ದಾಲೊ ಹೇಳಿ ಮಾಡಿಸಿದ್ದು. ಒಣ ಮಗ್ಗುಲಿಗೆ ತವಿಯೋಕ, ಕುಮಾಲ ಮೇಲು. ನೀರು ನಿಲ್ಲುವಲ್ಲಿ ತವಿಯೋಕ ನೆಟ್ಟರೆ ಕೊಳೆಯುತ್ತದೆ.

ಕಾಯುವ ಕಾಲವನ್ನು ಹೀಗೆ ಹೇಳಬಹುದು: ಕುಮಾಲಕ್ಕೆ ಮೂರರಿಂದ ಐದು ತಿಂಗಳು, ದಾಲೊವಿಗೆ ಏಳರಿಂದ ಹತ್ತು, ಉವಿಗೆ ಎಂಟು ಒಂಬತ್ತು, ತವಿಯೋಕಕ್ಕೆ ಎಂಟರಿಂದ ಹನ್ನೆರಡು. ಉವಿಗೆ ‘ಬುಕೆ’ ಎಂಬ ಮಣ್ಣಿನ ದಿಬ್ಬ ಮಾಡಿ, ಕೋಲು ಊರಿ, ಬಳ್ಳಿ ಹಬ್ಬಿಸಬೇಕು; ಕೆಲಸ ಹೆಚ್ಚು. ದಾಲೊವಿಗೆ ಬೀಜದ ಖರ್ಚೇ ಇಲ್ಲ. ಮಾರುಕಟ್ಟೆಯಿಂದ ತಂದ ಕಂತೆಯಲ್ಲಿ ಗೆಡ್ಡೆಯ ತಲೆಯನ್ನು ಅರ್ಧ ಬೆರಳಿನಷ್ಟು ಉಳಿಸಿ ದಂಟುಸಮೇತ ಕತ್ತರಿಸಿ ನೆಟ್ಟರೆ ಅದೇ ಮತ್ತೆ ಗಿಡವಾಗುತ್ತದೆ. ಒಂದೇ ಜಾಗದಲ್ಲಿ ಮತ್ತೆ ಮತ್ತೆ ನೆಟ್ಟರೆ ಮಣ್ಣು ಸೋಲುತ್ತದೆ. ತವೆಉನಿಯಲ್ಲಿ ಹೀಗೆ ಸೋತ ತೋಟಗಳನ್ನು ಎಬ್ಬಿಸಲು ಎರಡು ಬೆಳೆಗಳ ನಡುವೆ ನಮ್ಮ ನಸುಗುನ್ನಿಯ ಜಾತಿಯ, ತುರಿಸದ ಬಗೆಯ ಬಳ್ಳಿಯನ್ನು ಹೊದಿಕೆ ಬೆಳೆಯಾಗಿ ಹಬ್ಬಿಸುವ ಪದ್ಧತಿಯನ್ನು ರೈತರು ಕೈಗೊಂಡಿದ್ದಾರೆ.

ಇನ್ನು ಚಂಡಮಾರುತ. ನವೆಂಬರಿನಿಂದ ಏಪ್ರಿಲ್‌ವರೆಗೆ ಅದರ ಕಾಲ. 2016ರ ಫೆಬ್ರವರಿ 20ರಂದು ಅಪ್ಪಳಿಸಿದ ವಿನ್‌ಸ್ಟನ್ 44 ಜನರನ್ನು ಬಲಿ ತೆಗೆದುಕೊಂಡಿತು, ಹಳ್ಳಿ ಹಳ್ಳಿಗಳ ತೋಟಗಳನ್ನು ನೆಲಸಮ ಮಾಡಿತು. ಗಾಳಿಗೆ ಆಳೆತ್ತರದ ತವಿಯೋಕ ಮುರಿದು, ಬೇರು ಅಲುಗಿ, ಗೆಣಸು ನೆಲದಲ್ಲಿಯೇ ಕೆಡುತ್ತದೆ. ಬಿರುಗಾಳಿಯ ಮುನ್ಸೂಚನೆ ಬಂದ ಕೂಡಲೇ ತವಿಯೋಕದ ಕಾಂಡವನ್ನು ಮೊಣಕಾಲೆತ್ತರಕ್ಕೆ ಕಡಿದುಬಿಡುವುದು ಹಳ್ಳಿಗರ ರೂಢಿ. ಗಾಳಿಗೆ ಹಿಡಿತ ಸಿಗದೆ ಕೆಳಗಿನ ಗೆಣಸು ಉಳಿಯುತ್ತದೆ, ಕಡಿದ ಕಾಂಡವೇ ಮುಂದಿನ ನಾಟಿಗೆ ತುಂಡುಗಳಾಗುತ್ತದೆ. ಉವಿಯ ಬಳ್ಳಿ ಹರಿದರೂ ಬಲಿತ ಗೆಣಸಿಗೆ ಏನೂ ಆಗುವುದಿಲ್ಲ. ಎಲ್ಲವೂ ಹೋದ ಮೇಲೆ ಮೊದಲು ನೆಡುವುದು ಬೇಗ ಕೈಗೆ ಬರುವ ಕುಮಾಲವನ್ನು. ಹಳೆಯ ಹಳ್ಳಿತೋಟಗಳಲ್ಲಿ ನಾಲ್ಕೂ ಅಕ್ಕಪಕ್ಕದಲ್ಲಿ ಇರುವುದನ್ನು ಕಂಡರೆ, ಅದು ನಾಲ್ಕು ರುಚಿಯ ಆಸೆಯಿಂದ ಆದದ್ದಲ್ಲ ಎಂದು ತಿಳಿಯಿರಿ. ಒಂದು ಸೋಲುವ ಕಾಲಕ್ಕೆ ಇನ್ನೊಂದು ನಿಲ್ಲುತ್ತದೆ.

ವಿದೇಶದ ಅಂಗಡಿಯಲ್ಲಿ

ಆಕ್ಲೆಂಡ್, ಸಿಡ್ನಿಯವರಿಗೆ ಆಯ್ಕೆ ಕಿರಿದು. ತವಿಯೋಕವನ್ನು ಹೆಪ್ಪುಗಟ್ಟಿಸಿದ ಪೊಟ್ಟಣದಲ್ಲಿಯೇ ಕೊಳ್ಳಿ, ಕರಗಿಸದೆ ನೇರವಾಗಿ ಕುದಿಯುವ ನೀರಿಗೆ ಹಾಕಿ. ಪೊಟ್ಟಣದೊಳಗೆ ಮಂಜಿನ ಹರಳು ದಪ್ಪವಾಗಿ ಕೂಡಿದ್ದರೆ ಒಮ್ಮೆ ಕರಗಿ ಮತ್ತೆ ಹೆಪ್ಪುಗಟ್ಟಿದ್ದೆಂದು ತಿಳಿದು ಬಿಟ್ಟುಬಿಡಿ. ಹಸಿ ದಾಲೊವಿನಲ್ಲಿ ದಂಟು ಕತ್ತರಿಸಿದ ಜಾಗವನ್ನು ನೋಡಬೇಕು. ಅಲ್ಲಿ ಬಿಳಿ ಅಥವಾ ನಸುಗುಲಾಬಿ ಬಣ್ಣ ಒಣಗಿ ನಿಂತಿದ್ದರೆ ಒಳ್ಳೆಯದು, ಬೂಸ್ಟು ಹಿಡಿದು ಮೆತ್ತಗಾಗಿದ್ದರೆ ಕೊಳೆತ ಒಳಗಿಳಿದಿರುತ್ತದೆ. ಒಂದು ತುದಿ ಕೊಳೆತದ್ದು ಅರ್ಧ ಬೆಲೆಗೆ ಸಿಕ್ಕಿದರೂ ಅದರಲ್ಲಿ ಲಾಭವಿಲ್ಲ, ಉಳಿದ ಭಾಗವೂ ಬೆಂದಾಗ ನೀರುನೀರಾಗುತ್ತದೆ. ಫಿಜಿಯಿಂದ ಹಸಿ ಗೆಡ್ಡೆಗಳನ್ನು ಕೈಚೀಲದಲ್ಲಿಟ್ಟು ತರುವ ಯೋಚನೆ ಮಾತ್ರ ಬೇಡ. ಒಂದು ಗೆಡ್ಡೆಯ ಜೊತೆಗೆ ಬಂದ ಮಣ್ಣಿನಲ್ಲೋ ಮೊಳಕೆಯಲ್ಲೋ ರೋಗ ದಾಟುತ್ತದೆ, ಸಮೋವಾದ ತೋಟಗಳಿಗೆ ಏನಾಯಿತೆಂಬುದನ್ನು ಮೇಲೆ ನೋಡಿದ್ದೇವೆ. ಉವಿ ಅಪರೂಪಕ್ಕೆ ಸಿಗುತ್ತದೆ. ಸಿಕ್ಕಾಗ ದೊಡ್ಡದನ್ನೇ ಕೊಳ್ಳಿ. ಬೇಕಾದಷ್ಟನ್ನು ಕತ್ತರಿಸಿಕೊಂಡು, ಕತ್ತರಿಸಿದ ಮುಖಕ್ಕೆ ಬೂದಿ ಸವರಿ ಗಾಳಿಗೆ ಆರಲು ಬಿಟ್ಟರೆ ಉಳಿದ ಭಾಗ ಮುಂದಿನ ವಾರದ ಹುಳಿಗೂ ಬರುತ್ತದೆ.